ಒಂದೂವರೆ ಮಿಲಿಮೀಟರ್

ತಿರುಪ್ಪೂರು
9 ಜೂನ್ 2024, ಭಾನುವಾರ

ನಿತ್ಯಾ,

ಇಲ್ಲಿ ನಾನು ಕ್ಷೇಮ, ಅಲ್ಲಿ ನೀನು ಕ್ಷೇಮವೇ ಅಂತೆಲ್ಲ ಬರೆಯುವುದಿಲ್ಲ. ಕೇಳಿ ಕೇಳಿ ಸಾಕಾಗಿದೆ. ಫೋನ್ ಮಾಡಿದರೆ ನಿನ್ನ ಅತ್ತೆ ಜಾನಕಿಯಮ್ಮ "ಸ್ಪೀಕರ್ ಹಾಕು" ಅನ್ನುತ್ತಾರೆ, ನೀನು ಹಾಕುತ್ತೀಯ, ಆಮೇಲೆ "ಸೂಪರಾ ಇದ್ದೀನಿ ಅಕ್ಕಾ" ಅನ್ನುತ್ತೀಯ. ಎದೆಯಿಂದ ಕ್ಯಾನ್ಸರ್ ಗಡ್ಡೆ ತೆಗೆದು ಇನ್ನೂ ಹದಿನೆಂಟು ದಿನ. ಸೂಪರಂತೆ, ಸೂಪರು!

ಅದಕ್ಕೇ ಕಾಗದ. ಅಪ್ಪ ನಮ್ಮಿಬ್ಬರನ್ನು ಮಗ್ಗದ ಪಕ್ಕ ಕೂರಿಸಿ ಕನ್ನಡ ಅಕ್ಷರ ತಿದ್ದಿಸಿದ್ದು ಈಗ ಉಪಯೋಗಕ್ಕೆ ಬಂತು. ನಿಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದಲು ಒಬ್ಬರಿಗೂ ಬರುವುದಿಲ್ಲ. ತಮಿಳಿನಲ್ಲಿ ಬರೆದರೆ ಬೀದಿಗೆಲ್ಲ ಹಂಚಿದ ಹಾಗೆ. ಮಂಗಳವಾರ ಮಂಗಳವಾರ ನಿಮ್ಮೂರಿಗೆ ಸೀರೆ ಎತ್ತಲು ಬರುವ ರಾಮಸಾಮಿ ಅಣ್ಣನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಉತ್ತರವನ್ನೂ ಅವರ ಕೈಗೇ ಕೊಡು.

ಈಗ ವಿಷಯಕ್ಕೆ ಬರುತ್ತೇನೆ. ರಿಪೋರ್ಟಿನ ಜೆರಾಕ್ಸ್ ತಲುಪಿತು. ನಮ್ಮ ಬನಿಯನ್ ಕಂಪನಿಯಲ್ಲಿ ಸತೀಶ್ ಕುಮಾರ್‌ಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ನಿನ್ನ ಹೆಸರಿರುವ ಕಡೆ ಮಡಚಿ ಅವನಿಗೆ ತೋರಿಸಿದೆ. ಕತ್ತರಿಸಿ ತೆಗೆದ ತುಂಡಿನ ಅಂಚಿಗೂ ಒಳಗಿನ ಕ್ಯಾನ್ಸರಿಗೂ ನಡುವೆ ಎಷ್ಟು ಜಾಗವಿದೆ ಅಂತ ಬರೆದಿದ್ದಾರಂತೆ. ಎಷ್ಟು ಗೊತ್ತಾ? ಒಂದೂವರೆ ಮಿಲಿಮೀಟರ್! ಬನಿಯನ್ನಿನ ಹೊಲಿಗೆಗೆ ನಾವು ಬಿಡುವ ಬಟ್ಟೆಯೇ ಅದಕ್ಕಿಂತ ಜಾಸ್ತಿ. ನಾನು ಇಪ್ಪತ್ತಾರು ವರ್ಷದಿಂದ ಚೆಕ್ಕಿಂಗ್ ಟೇಬಲ್ಲಿನಲ್ಲಿ ನಿಂತಿದ್ದೇನೆ. ಒಂದು ತೂತು ಕಂಡರೆ ಸುತ್ತ ಒಂದೂವರೆ ಮಿಲಿಮೀಟರ್ ಕತ್ತರಿಸಿ "ಪಾಸ್" ಅಂತ ಚೀಟಿ ಅಂಟಿಸಿದರೆ ಅವತ್ತೇ ನನ್ನನ್ನು ಮನೆಗೆ ಕಳಿಸುತ್ತಾರೆ. ತೂತಿದ್ದರೆ ಇಡೀ ಪೀಸು ರಿಜೆಕ್ಟ್. ಎದೆಯನ್ನೇ ಪೂರ್ತಿ ತೆಗೆಯಿರಿ ಅಂತ ಆ ಡಾಕ್ಟರಮ್ಮನಿಗೆ ಹೇಳಲು ನಿನಗೇನಾಗಿತ್ತು? ಆಸ್ಪತ್ರೆಯಲ್ಲಿ ನಾಲ್ಕು ದಿನ ನಿನ್ನ ಪಕ್ಕದಲ್ಲೇ ಕೂತಿದ್ದೆನಲ್ಲ, ನನ್ನನ್ನಾದರೂ ಒಂದು ಮಾತು ಕೇಳಬಾರದಿತ್ತಾ?

ಅತ್ತೆಯ ಹತ್ತಿರ "ಅಕ್ಕನ ಮನೆಗೆ ಹೋಗಿದ್ದೆ, ಅಲ್ಲೇ ಒಂದು ಕೊಬ್ಬಿನ ಗಡ್ಡೆ ತೆಗೆಸಿಕೊಂಡೆ" ಅಂದೆಯಂತೆ. ನಿನ್ನ ಗಂಡ ಮಣಿಗೆ ನಿಜ ಗೊತ್ತು, ಆದರೆ ತಾಯಿಯ ಮುಂದೆ ಅವನ ಬಾಯಲ್ಲಿ ಕಡುಬು. ನಾನೇ ಬಂದು ಹೇಳೋಣವೆಂದರೆ ನಿನ್ನ ಮಗಳು ಭೂಮಿಗೆ ತವರಿನಿಂದ ತಂದ ಸೀರು ತಟ್ಟೆಯ, ಆ ಉಡುಗೊರೆಯ ಜಗಳದಿಂದ ಆರು ವರ್ಷವಾಯಿತು, ಆ ಮನೆಯ ಹೊಸಿಲು ತುಳಿದಿಲ್ಲ. ಎಂಥ ಮನೆಗೆ ಕೊಟ್ಟರೋ ನಿನ್ನನ್ನು!

ಉತ್ತರ ಬರೆ. ಉದ್ದವಾಗಿ ಬರೆ.

ನಿನ್ನ ಅಕ್ಕ,
ಲೀಲಾ


ಕಿಣತ್ತುಕಡವು
16 ಜೂನ್ 2024

ಅಕ್ಕಾ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಹೊಲಿಗೆ ಒಣಗಿದೆ. ಕೈ ಮೇಲೆತ್ತಿದರೆ ಕಂಕುಳಲ್ಲಿ ಸ್ವಲ್ಪ ಎಳೆಯುತ್ತದೆ, ಅಷ್ಟೇ. ಡಾಕ್ಟರಮ್ಮ ಅಂಚು ಕ್ಲಿಯರ್ ಅಂದರು, ನಕ್ಕೊಂಡೇ ಅಂದರು. ಇನ್ನೂ ಏನೋ ಒಂದಕ್ಕೆ ಜುಲೈ ಒಂದಕ್ಕೆ ಬಾ ಅಂದಿದ್ದಾರೆ. ನೋಡೋಣ.

ಅತ್ತೆ ಕೊಬ್ಬಿನ ಗಡ್ಡೆ ಅನ್ನುವುದನ್ನು ಪೂರ್ತಿ ನಂಬಿದ್ದಾರೆ. ಕೊಬ್ಬು ಕರಗಲಿ ಅಂತ ದಿನಕ್ಕೆ ಮೂರು ಹೊತ್ತು ಹುರುಳಿ ರಸ. ಬೆಳಿಗ್ಗೆ ಹುರುಳಿ ರಸ, ಮಧ್ಯಾಹ್ನ ಹುರುಳಿ ರಸ, ಸಂಜೆ ಹುರುಳಿ ಸುಂಡಲ್. ಮೈಯೆಲ್ಲ ಕುದಿಯುತ್ತಿದೆ. "ಕುಡೀಡಿ, ಇಳೈಚ್ಚವನಿಗೆ ಎಳ್ಳು, ಕೊಳುತ್ತವನಿಗೆ ಕೊಳ್ಳು" ಅಂತ ಗಾದೆ ಹೇಳಿಕೊಂಡು, ಬಡಕಲಿಗೆ ಎಳ್ಳು, ಕೊಬ್ಬಿದವರಿಗೆ ಹುರುಳಿ ಅಂತ, ಎದುರಿಗೇ ಕೂತು ಕುಡಿಸುತ್ತಾರೆ. ಲೋಟ ಖಾಲಿಯಾಗುವವರೆಗೂ ಏಳುವುದಿಲ್ಲ.

ಅವರಿಗೆ ಹೇಳಬೇಕು ಅಂತ ನನಗೂ ಅನಿಸುತ್ತದೆ. ಆದರೆ ಅವರಿಗೆ ಹೇಳಿದರೆ ಸಾಯಂಕಾಲದೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಎಲ್ಲರೂ ಬಂದು ಬಾಗಿಲಲ್ಲಿ ನಿಂತು "ಐಯೋ" ಅನ್ನುವುದನ್ನು ನನ್ನಿಂದ ಕೇಳಲಾಗುವುದಿಲ್ಲ.

ನೀನು ಬರೆದ ಒಂದೂವರೆ ಮಿಲಿಮೀಟರಿನ ವಿಷಯ ಓದಿದೆ.

ನಿತ್ಯಾ


ತಿರುಪ್ಪೂರು
23 ಜೂನ್ 2024

ನಿತ್ಯಾ,

"ಓದಿದೆ." ಇದೇನೇ ಉತ್ತರ? ನಾನು ಮೂರು ಪುಟ ಬರೆದರೆ ನಿನ್ನದು ಒಂದು ಪದ.

ಕ್ಲಿಯರ್ ಅಂದರಂತೆ, ನಕ್ಕರಂತೆ. ನಗುವುದಕ್ಕೇನು, ನಮ್ಮ ಕಟ್ಟಿಂಗ್ ಮಾಸ್ತರನೂ ನಗುತ್ತಾನೆ. ಹೋದ ದೀಪಾವಳಿಗೆ ಒಂದು ಲೋಡು ಸರಕು ಕಳಿಸಿದೆವು. ಸೂಜಿ ಚುಚ್ಚಿದ ಸಣ್ಣ ತೂತು, ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಹಡಗಿನಲ್ಲಿ ಹೋಗಿ, ಅಲ್ಲಿ ಒಗೆದ ಮೇಲೆ ಆ ತೂತು ಕಾಸಿನಗಲ ಆಯಿತು. ಇಡೀ ಲೋಡು ವಾಪಸ್ ಬಂತು. ಸಣ್ಣದು ಸಣ್ಣದಾಗಿಯೇ ಇರುತ್ತದೆ ಅಂತ ಯಾರೂ ಬರೆದು ಕೊಟ್ಟಿಲ್ಲ. ಒಂದೂವರೆ ಮಿಲಿಮೀಟರನ್ನು ನಂಬಿಕೊಂಡು ಕೂತಿದ್ದೀಯಲ್ಲ, ನಿನಗೆ ಬುದ್ಧಿ ಎಲ್ಲಿದೆ? ಹೋಗಿ ಪೂರ್ತಿ ತೆಗೆಯಿರಿ ಅಂತ ಹೇಳು. ಅರ್ಧಂಬರ್ಧ ಕೆಲಸ ಯಾವತ್ತಿದ್ದರೂ ತಿರುಗಿ ಬರುತ್ತದೆ.

ಮತ್ತೆ ಅದೇನದು "ಏನೋ ಒಂದು"? ಜುಲೈ ಒಂದಕ್ಕೆ ಯಾತಕ್ಕೆ ಕರೆದಿದ್ದಾರೆ? ಬಾಯಿಬಿಟ್ಟು ಬರೆ. ನಿನ್ನ ಹತ್ತಿರ ಮಾತು ಹೊರಡಿಸುವುದೆಂದರೆ ಕಲ್ಲಿನಿಂದ ನಾರು ತೆಗೆದ ಹಾಗೆ. ಕೋಪದಲ್ಲಿ ಪೆನ್ನಿನ ಮೊನೆಯೇ ಮುರಿಯಿತು. ಇದು ಎರಡನೆಯ ಪೆನ್ನು.

ಲೀಲಾ


ಕಿಣತ್ತುಕಡವು
14 ಜುಲೈ 2024

ಅಕ್ಕಾ,

ಮೂರು ವಾರ ಬರೆಯಲಿಲ್ಲ. ರಾಮಸಾಮಿ ಅಣ್ಣ ಪ್ರತಿ ಮಂಗಳವಾರ "ಕಾಗದ ಇಲ್ವಾಮ್ಮಾ, ನಿಮ್ಮಕ್ಕ ನನ್ನ ಮೇಲೆ ಉರಿದು ಬೀಳ್ತಾರೆ" ಅಂತ ಕೇಳುತ್ತಿದ್ದರು. ಕೋಪ ಮಾಡಿಕೊಳ್ಳದೆ ಓದು.

ಆ "ಏನೋ ಒಂದು" ಅಂದರೆ ಕರೆಂಟು. ರೇಡಿಯೇಶನ್. ಕೊಯಮತ್ತೂರಿಗೆ ವಾರಕ್ಕೆ ಐದು ದಿನದ ಹಾಗೆ ಮೂರು ವಾರ ಹೋಗಬೇಕು, ಒಟ್ಟು ಹದಿನೈದು ಸಲ. ಜುಲೈ ಒಂದಕ್ಕೆ ನಾನು ಹೋಗಲಿಲ್ಲ. ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂತು. ರಾಂಗ್ ನಂಬರ್ ಅಂದೆ.

ನಿನ್ನ ಎರಡನೇ ಕಾಗದ ಓದಿದ ಮೇಲೆ ಭೂಮಿಯ ಜಾಮಿಟ್ರಿ ಬಾಕ್ಸಿನಿಂದ ಸ್ಕೇಲ್ ತೆಗೆದು ನೋಡಿದೆ. ಒಂದು ಗೆರೆ, ಅದರ ಮೇಲೆ ಅರ್ಧ. ಅಷ್ಟೇ ಜಾಗ ಅಕ್ಕಾ. ನನ್ನ ಸೀರೆಯಲ್ಲಿ ಎರಡು ಎಳೆ ಹಿಡಿಯುತ್ತದೋ ಇಲ್ಲವೋ. ನೀನು ಹೇಳಿದ್ದು ಸರಿ. ಕೆಲಸ ಅರ್ಧಂಬರ್ಧ ಆಗಿದೆ, ಅದು ತಿರುಗಿ ಬರುತ್ತದೆ. ಪೂರ್ತಿ ತೆಗೆಸಿಕೊಳ್ಳಲು ಇನ್ನೊಂದು ಆಪರೇಶನ್ನಿಗೆ ನನಗೆ ಧೈರ್ಯವಿಲ್ಲ. ಬರುವುದು ಹೇಗೂ ಬರುತ್ತದೆ ಅಂದ ಮೇಲೆ ಮೂರು ವಾರ ಕರೆಂಟು ಇಡಿಸಿಕೊಂಡು, ಮನೆಯಲ್ಲಿ ಗಲಾಟೆ ಎಬ್ಬಿಸಿ ಏನು ಪ್ರಯೋಜನ?

ಮಗ್ಗದ ಮೇಲೆ ಉದ್ದನೆಯ ಹಾಸುನೂಲಿನ ಪಾವು ಏರಿಸಿದ್ದೇನೆ. ನೂಲು ಕೊಡುವ ಗೋಪಾಲಸಾಮಿ ಮದುವೆ ಆರ್ಡರ್ ತಂದರು, ಒಂದೇ ಹಾಸಿನಲ್ಲಿ ಆರು ಸೀರೆ. ಶುರು ಮಾಡಿದ ಕೈಯೇ ಮುಗಿಸಬೇಕು, ನಿನಗೆ ಗೊತ್ತಲ್ಲ. ನಡುವೆ ಬೇರೆಯವರು ಕೂತರೆ ಬಡಿತ ಬದಲಾಗಿ ಸೀರೆಯಲ್ಲಿ ಪಟ್ಟೆ ಕಾಣುತ್ತದೆ. ಎರಡು ಮುಗಿದಿದೆ. ಕೈ ನೋಯುತ್ತದೆ, ಆದರೂ ನೇಯುತ್ತೇನೆ.

ಬುಧವಾರದಿಂದ ಆಡಿ ತಿಂಗಳು ಬೇರೆ. ಆಡಿಯಲ್ಲಿ ಹೊಸದೇನನ್ನೂ ಶುರು ಮಾಡಬಾರದು ಅಂತ ಅತ್ತೆ ಹೊಸ ಪೊರಕೆಯನ್ನೂ ತರಿಸುವುದಿಲ್ಲ. ಮುಂದಿನ ತಿಂಗಳು ಆವಣಿ ಹುಟ್ಟಲಿ, ಆಮೇಲೆ ನೋಡೋಣ.

ಬೈಯಬೇಡ.

ನಿತ್ಯಾ


ತಿರುಪ್ಪೂರು
18 ಜುಲೈ 2024, ಗುರುವಾರ

ನಿತ್ಯಾ,

ನಿನ್ನ ಕಾಗದ ಕೈಗೆ ಬಂದಾಗ ಟೇಬಲ್ಲಿನ ಮೇಲೆ ಮುನ್ನೂರು ಪೀಸು ಇತ್ತು. ಅಲ್ಲೇ ಬಿಟ್ಟೆ. ಇವತ್ತು ರಜೆ ಹಾಕಿ ಮೊದಲ ಬಸ್ಸಿಗೇ ಕೊಯಮತ್ತೂರಿಗೆ ಹೋದೆ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ಡಾಕ್ಟರಮ್ಮನ ಬಾಗಿಲಲ್ಲಿ ಕೂತೆ. ನಿನ್ನ ಜೊತೆಗಿದ್ದವಳು ಅಂತ ಗುರುತು ಹಿಡಿದು ಒಳಗೆ ಕರೆದರು. ರಿಪೋರ್ಟ್ ಮುಂದಿಟ್ಟು "ಒಂದೂವರೆ ಮಿಲಿಮೀಟರ್ ಬಿಟ್ಟು ಹೇಗೆ ಮೇಡಂ ಪಾಸ್ ಮಾಡಿದಿರಿ" ಅಂತ ಜೋರಾಗಿಯೇ ಕೇಳಿದೆ.

ಅವರು ಕನ್ನಡಕ ತೆಗೆದಿಟ್ಟು ನನ್ನನ್ನು ನೋಡಿದರು. ಆಮೇಲೆ ತಮಿಳಿನಲ್ಲಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ, ಎರಡು ಸಲ ಓದು.

ತೆಗೆದ ತುಂಡಿನ ಹೊರಮೈಗೆಲ್ಲ ಶಾಯಿ ಬಳಿಯುತ್ತಾರಂತೆ. ಆಮೇಲೆ ತೆಳ್ಳಗೆ ಸೀಳಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಕ್ಯಾನ್ಸರು ಶಾಯಿಯನ್ನು ಮುಟ್ಟಿದ್ದರೆ ಒಳಗೆ ಉಳಿದಿರಬಹುದು ಅಂತ ಅರ್ಥ, ಮತ್ತೆ ಕತ್ತರಿಸಬೇಕು. ನಿನ್ನದು ಮುಟ್ಟಿಲ್ಲ. ನಿನ್ನಂಥ ಗಡ್ಡೆಗೆ ಮುಟ್ಟದಿದ್ದರೆ ಸಾಕು. ಒಂದೂವರೆ ಇರುವ ಕಡೆ ಹತ್ತು ಮಿಲಿಮೀಟರ್ ಬಿಟ್ಟಿದ್ದರೂ ತಿರುಗಿ ಬರುವ ಅಪಾಯ ಕಡಿಮೆಯಾಗುತ್ತಿರಲಿಲ್ಲವಂತೆ. ಪೂರ್ತಿ ತೆಗೆದಿದ್ದರೆ ಅಂತ ಕೇಳಿದೆ. ಅದರಿಂದ ಆಯುಸ್ಸೇನೂ ಹೆಚ್ಚುತ್ತಿರಲಿಲ್ಲ ಅಂದರು. ಆದರೆ ಉಳಿಸಿಕೊಂಡ ಎದೆಯಲ್ಲಿ ಯಾವ ರಿಪೋರ್ಟಿಗೂ ಕಾಣದ ಒಂದೆರಡು ಕಣ ಬೇರೆ ಕಡೆ ಇರಬಹುದು, ಅದಕ್ಕೇ ಕರೆಂಟು. ಅದನ್ನು ಇಡಿಸಿಕೊಂಡರೆ ತಿರುಗಿ ಬರುವ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಇಡಿಸಿಕೊಳ್ಳದಿದ್ದರೆ ಚಿಕಿತ್ಸೆ ಮುಗಿದ ಹಾಗೇ ಅಲ್ಲ.

"ಅರ್ಧಂಬರ್ಧ ಅಂತ ಅವರಿಗೆ ಹೇಳಿದ್ದು ಯಾರು?" ಅಂತ ಕೇಳಿದರು. ನಾನೇ ಅಂದೆ. "ನೀವೇನು ಡಾಕ್ಟರಾ?" ಅಂದರು. "ಇಲ್ಲ ಮೇಡಂ, ಚೆಕ್ಕಿಂಗ್" ಅಂದೆ. ನರ್ಸ್ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ನಿತ್ಯಾ, ತಪ್ಪು ನನ್ನದು. ಬನಿಯನ್ ಬಟ್ಟೆಯ ಲೆಕ್ಕವನ್ನು ನಿನ್ನ ಮೈಗೆ ಹಾಕಿದೆ. ಬೈದರೆ ನೀನು ಓಡುತ್ತೀಯ ಅಂದುಕೊಂಡಿದ್ದೆ, ನೀನು ಕೂತೇಬಿಟ್ಟೆ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅಳು ಬರುತ್ತಿತ್ತು. ಪಕ್ಕದವಳು "ಮನೇಲಿ ಯಾರಾದರೂ ಹೋದರಾ" ಅಂತ ಕೇಳಿದಳು. ಅವಳಿಗೂ ಬೈದೆ.

ಆದರೆ ಕೇಳು. ಆಪರೇಶನ್ ಆಗಿ ಎಂಟು ವಾರ ಆಯಿತು. ಹನ್ನೆರಡು ವಾರ ದಾಟಲು ಬಿಡಬೇಡಿ ಅಂದಿದ್ದಾರೆ. ಆವಣಿ ಹುಟ್ಟುವಾಗ ಹನ್ನೆರಡು ದಾಟಿರುತ್ತದೆ. ಆಡಿ ತಿಂಗಳು ಅಂತ ಕ್ಯಾನ್ಸರು ರಜೆ ಹಾಕಿ ತವರಿಗೆ ಹೋಗುತ್ತದಾ? ಪಾವು ಅಂತೆ, ಬಡಿತ ಅಂತೆ! ಯಾವಳ ಮದುವೆ ಸೀರೆಗೋ ನಿನ್ನ ಪ್ರಾಣ ಕೊಡುತ್ತೀಯಾ? ಇಲ್ಲ, ಅತ್ತೆಗೆ ಹೆದರಿ ಕೊಡುತ್ತೀಯಾ? ಆ ಜಾನಕಿಯಮ್ಮನ ನಾಲಿಗೆಯನ್ನು ಸಂತೆಯಲ್ಲಿ ಇಟ್ಟರೆ ನಾಲ್ಕೂರಿನ ಕುಡುಗೋಲಿಗೆ ಸಾಣೆ ಹಿಡಿಯಬಹುದು, ಒಪ್ಪುತ್ತೇನೆ. ಆದರೆ ನಾಲಿಗೆಯಿಂದ ಯಾರೂ ಸತ್ತಿಲ್ಲ.

ಸಂಜೆ ಫೋನಿನಲ್ಲಿ "ನಾಳೆಯೇ ಹೋಗು" ಅಂದೆ. ನೀನು ಸ್ಪೀಕರಿನಲ್ಲಿ "ಸರಿ ಅಕ್ಕಾ, ಊಟ ಆಯ್ತು" ಅಂದೆ. ದೇವರೇ, ನಿನ್ನನ್ನು ಏನು ಮಾಡಲಿ?

ಲೀಲಾ


ತಿರುಪ್ಪೂರು
28 ಜುಲೈ 2024

ನಿತ್ಯಾ,

ಹತ್ತು ದಿನ ಆಯಿತು. ಕಾಗದವಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಮಣಿಗೆ ಮಾಡಿದರೆ "ಅಮ್ಮ ಇದಾರೆ, ಆಮೇಲೆ ಮಾಡ್ತೀನಿ ಅತ್ತಿಗೆ" ಅನ್ನುತ್ತಾನೆ, ಮಾಡುವುದಿಲ್ಲ. ಕಾಗದವನ್ನು ನಿನ್ನ ಕೈಗೇ ಕೊಟ್ಟಿರಾ ಅಂತ ರಾಮಸಾಮಿ ಅಣ್ಣನನ್ನು ಕೇಳಿದರೆ ತಲೆ ಕೆರೆದುಕೊಂಡು "ಮನೇಲಿ ಕೊಟ್ಟೆನಮ್ಮಾ" ಅನ್ನುತ್ತಾರೆ. ಮನೆಯಲ್ಲಿ ಅಂದರೆ ಯಾರ ಕೈಯಲ್ಲಿ?

ಕೋಪ ಬಂದಿದ್ದರೆ ಕೋಪ ಅಂತಲಾದರೂ ಬರೆ. ಹೋದೆ, ಇಲ್ಲ ಹೋಗಲಿಲ್ಲ. ಅಷ್ಟು ಬರೆದರೆ ಸಾಕು. ನನಗೆ ಕೆಲಸದಲ್ಲಿ ಕಣ್ಣು ನಿಲ್ಲುತ್ತಿಲ್ಲ. ನಿನ್ನೆ ತೋಳಿಲ್ಲದ ಬನಿಯನ್ನಿಗೆ ಪಾಸ್ ಚೀಟಿ ಅಂಟಿಸಿದೆ.

ಲೀಲಾ


ಕಿಣತ್ತುಕಡವು
7 ಆಗಸ್ಟ್ 2024, ಬುಧವಾರ

ಅಕ್ಕಾ,

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಹೋದೆ. ಸೋಮವಾರ ಶುರುವಾಯಿತು. ಇವತ್ತಿಗೆ ಮೂರು ಆಯಿತು, ಇನ್ನು ಹನ್ನೆರಡು ಇದೆ. ನೋವೇನೂ ಇಲ್ಲ. ಮಲಗಿಸಿ ಎಲ್ಲರೂ ಹೊರಗೆ ಹೋಗುತ್ತಾರೆ, ಮಿಷನ್ ಸುತ್ತುತ್ತದೆ, ಏಳು ಅನ್ನುತ್ತಾರೆ.

ಈಗ ನಡೆದದ್ದು ಹೇಳುತ್ತೇನೆ. ರಾಮಸಾಮಿ ಅಣ್ಣ ಬಂದಾಗ ನಾನು ಮಗ್ಗದ ಕುಳಿಯಲ್ಲಿ ಕೂತಿದ್ದೆ. ಕಾಗದ ಅತ್ತೆಯ ಕೈಗೆ ಹೋಯಿತು. ಅವರಿಗೆ ಎಷ್ಟು ದಿನದಿಂದ ಗುಮಾನಿ ಇತ್ತೋ, ನನ್ನನ್ನು ಒಂದು ಮಾತು ಕೇಳಲಿಲ್ಲ. ನೆಟ್ಟಗೆ ಮಹಡಿ ಹತ್ತಿದರು. ಮಹಡಿಯ ರೂಮಿಗೆ ಜೂನಿನಲ್ಲಿ ಶ್ರೀಹರ್ಷ ಅಂತ ಒಬ್ಬರು ಬಾಡಿಗೆಗೆ ಬಂದಿದ್ದಾರೆ, ದಾವಣಗೆರೆ ಕಡೆಯವರು, ಕುರಿಚಿಯ ಫೌಂಡ್ರಿಯಲ್ಲಿ ಇಂಜಿನಿಯರ್. ಈ ಊರಿನಲ್ಲಿ ಕನ್ನಡ ಓದುವವರೇ ಇಲ್ಲ ಅಂತ ನಾವಿಬ್ಬರು ಧೈರ್ಯವಾಗಿದ್ದೆವು. ನಮ್ಮ ತಲೆಯ ಮೇಲೇ ಒಬ್ಬರಿದ್ದರು!

ಪಾಪ, ಅವರು ಯಾವುದೋ ಮಾಮೂಲು ಪತ್ರ ಇರಬೇಕು ಅಂದುಕೊಂಡು ವಾರ್ತೆ ಓದುವವರ ಹಾಗೆ ಸ್ಪಷ್ಟವಾಗಿ ಓದಲು ಶುರುಮಾಡಿದರು. ಕೆಳಗೆ ಮಗ್ಗದಲ್ಲಿ ನನಗೆ ಒಂದೊಂದು ಮಾತೂ ಕೇಳಿಸುತ್ತಿತ್ತು. ಕ್ಯಾನ್ಸರ್ ಅಂದ ಕೂಡಲೇ ಓದು ನಿಲ್ಲಿಸಿದರು. "ಅಮ್ಮಾ, ಇದು ಅವರ ಖಾಸಗಿ ವಿಷಯ, ನಾನು ಓದಬಾರದು" ಅಂದರು. ಅತ್ತೆ "ಓದಪ್ಪಾ ನೀನು, ನಾನ್ ಆ ಮಗುವಿನ ಅತ್ತೆ" ಅಂದರು. ನಾಲಿಗೆಯ ಸಾಲು ಬಂದಾಗ ಮತ್ತೆ ನಿಲ್ಲಿಸಿದರು. "ಅದನ್ನೂ ಓದು" ಅಂದರು. ಓದಿದರು. ಕುಡುಗೋಲು, ಸಾಣೆ, ನಾಲ್ಕೂರು, ಒಂದನ್ನೂ ಬಿಡಲಿಲ್ಲ.

ಅತ್ತೆ ಇಳಿದು ಬಂದರು. ನಾನು ಎದ್ದು ನಿಲ್ಲಲೂ ಇಲ್ಲ. "ಏನಡೀ," ಅಂದರು. "ಕೊಬ್ಬು ಅಂದೆ. ಎರಡ್ ತಿಂಗಳು ಕೊಳ್ಳು ಇಕ್ಕಿದೆನಲ್ಲಡೀ ನಿನಗೆ. ಪಕ್ಕದಲ್ಲೇ ಕೂತು ಇಕ್ಕಿದೆ. ಬಾಯ್ ತೆಗೆದು ಒಂದ್ ಮಾತ್ ಸೊಲ್ಲಕ್ಕಾಗ್ಲಿಲ್ವಾ? ನಾನೇನ್ ಪೇಯಾ, ಪಿಶಾಚಿಯಾ?" ನಾನು ಪಾವು ಮುಗಿಸಿ ಹೋಗುತ್ತೇನೆ ಅಂದೆ. ಇನ್ನು ಮೂರೇ ಸೀರೆ ಅತ್ತೆ, ನಡುವೆ ಕೈ ಬದಲಾಗಬಾರದು ಅಂದೆ. ಇದನ್ನು ನಲವತ್ತು ವರ್ಷದಿಂದ ಅವರೇ ಎಲ್ಲರಿಗೂ ಹೇಳಿಕೊಂಡು ಬಂದವರು.

ಅವರು ಒಳಗೆ ಹೋಗಿ ಕತ್ತರಿ ತಂದರು. ಅಕ್ಕಾ, ಆ ಕತ್ತರಿಯನ್ನು ಪಾವಿನ ಹತ್ತಿರ ಇಟ್ಟರೇ ನನ್ನ ಕೈಗೆ ಹೊಡೆಯುತ್ತಿದ್ದವರು ಅವರು. ನೇಯ್ದ ಬಟ್ಟೆಗೂ ನೇಯದ ನೂಲಿಗೂ ನಡುವೆ ಇಟ್ಟು ಈ ಅಂಚಿನಿಂದ ಆ ಅಂಚಿಗೆ ಕತ್ತರಿಸಿಬಿಟ್ಟರು. ನೂಲೆಲ್ಲ ಹಿಂದಕ್ಕೆ ಜಾರಿ ಬಿದ್ದಿತು. ಕತ್ತರಿಸುವಾಗ ಅವರು ಅಳುತ್ತಿದ್ದರು. ನನಗೋ ಪಾವಿಗೋ ಗೊತ್ತಿಲ್ಲ. "ಈಗ ಏಳು" ಅಂದರು. ಎದ್ದೆ.

ಗೋಪಾಲಸಾಮಿ ಬಂದು ಕೂಗಾಡಿದರು. "ನನ್ನ ಮನೆ ಮಗ್ಗ, ನನ್ನ ಕತ್ತರಿ. ನಿನ್ನ ಮದುವೆ ಹೆಣ್ಣಿಗೆ ಅಂಗಡೀಲಿ ಸೀರೆ ಸಿಗುತ್ತೆ ಹೋಗಯ್ಯಾ" ಅಂತ ಅತ್ತೆ ಕಳಿಸಿದರು. ಆಡಿ ಅಲ್ಲವಾ ಅಂತ ನಾನು ಮೆಲ್ಲಗೆ ನೆನಪಿಸಿದೆ. "ಅಮ್ಮನವರಿಗೆ ನಾನ್ ಸೊಲ್ಲಿಕೊಳ್ತೀನಿ" ಅಂದರು. ನನ್ನ ಫೋನ್ ಕಿತ್ತುಕೊಂಡು ಬೀರುವಿನಲ್ಲಿಟ್ಟರು. ಸುಳ್ಳು ಹೇಳಿದ್ದಕ್ಕೆ ಅದು ಶಿಕ್ಷೆಯಂತೆ. ಇವತ್ತಷ್ಟೇ ಕೊಟ್ಟಿದ್ದಾರೆ.

ನಾನು ಹೆದರಿದ ಹಾಗೆಯೇ ಆಯಿತು. ಸಾಯಂಕಾಲದೊಳಗೆ ಬೀದಿಗೆಲ್ಲ ಗೊತ್ತಾಯಿತು. ಎಲ್ಲರೂ ಬಾಗಿಲಲ್ಲಿ ನಿಂತು "ಐಯೋ" ಅಂದರು. ಆಮೇಲೆ ಅತ್ತೆ ಅವರನ್ನೆಲ್ಲ ಜಗಲಿಯಲ್ಲಿ ಕೂರಿಸಿ ಪಟ್ಟಿ ಹಾಕಿದರು, ಯಾವ ದಿನ ಯಾರು ನನ್ನ ಜೊತೆ ಬಸ್ಸಿನಲ್ಲಿ ಬರಬೇಕು, ಯಾರು ಅಡುಗೆ ಮಾಡಬೇಕು ಅಂತ. ಸುಮ್ಮನೆ "ಐಯೋ" ಅಂದು ಹೋಗಲು ಒಬ್ಬರನ್ನೂ ಬಿಡಲಿಲ್ಲ.

ಈಗ ನಿನ್ನ ವಿಷಯ. ನಾನು ನಿನಗೆ ಯಾವತ್ತೂ ಎದುರು ಮಾತಾಡಿದವಳಲ್ಲ, ಇವತ್ತು ಆಡುತ್ತೇನೆ. ನಿನ್ನ ಕೋಪ ಪ್ರೀತಿಯದ್ದು ಅಂತ ನನಗೆ ಗೊತ್ತು. ಆದರೆ ನೀನು ಮೊದಲು ಬೈದೆ, ಆಮೇಲೆ ಕೇಳಲು ಹೋದೆ. ನಡುವೆ ನನ್ನ ಐದು ವಾರ ಹೋಯಿತು. ಇನ್ನು ಮೇಲೆ ಮೊದಲು ಕೇಳು, ಆಮೇಲೆ ಬೇಕಾದಷ್ಟು ಬೈ. ನಾನೂ ಸುಳ್ಳು ಹೇಳಿದೆ, ನನ್ನ ತಪ್ಪು ಇಲ್ಲವೆನ್ನುವುದಿಲ್ಲ.

ತಿರುಗಿ ಬರುತ್ತದಾ ಅಂತ ಈ ಸಲ ಡಾಕ್ಟರಮ್ಮನನ್ನು ನಾನೇ ಕೇಳಿದೆ. "ಬರೋದೇ ಇಲ್ಲ ಅಂತ ಬಾಂಡ್ ಪೇಪರಲ್ಲಿ ಬರೆದುಕೊಡಕ್ಕಾಗಲ್ಲಮ್ಮ. ಹೆಚ್ಚಿನವರಿಗೆ ಬರಲ್ಲ. ಮಾತ್ರೆ ತಗೊಳ್ಳಿ, ವರ್ಷಾವರ್ಷ ಬಂದು ತೋರಿಸಿ, ಬಂದರೂ ಬೇಗ ಹಿಡೀತೀವಿ" ಅಂದರು. ಅವರು ನಿಜ ಹೇಳಿದ್ದು ನನಗೆ ಒಳ್ಳೆಯದೇ ಆಯಿತು.

ಒಂದು ಮಾತು ನಿನಗೆ ಬರೆದಿರಲಿಲ್ಲ. ಪಾವು, ಆಡಿ, ಒಂದೂವರೆ ಮಿಲಿಮೀಟರ್ ಎಲ್ಲ ನೆಪ. ನನಗೆ ಹೆದರಿಕೆ ಅಕ್ಕಾ. ನನಗೆ ಸಾಯಲು ಇಷ್ಟವಿಲ್ಲ. ಮಗ್ಗದಲ್ಲಿ ಕೂತರೆ ಅದೊಂದು ಮರೆತಿರುತ್ತಿತ್ತು, ಅದಕ್ಕೇ ಕೂತೆ. ಇದನ್ನು ಸೋಮವಾರ ಬಸ್ಸಿನಲ್ಲಿ ಅತ್ತೆಗೆ ಹೇಳಿಬಿಟ್ಟೆ. ಅವರು ಒಂದು ಮಾತೂ ಆಡಲಿಲ್ಲ, ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು. ನನ್ನ ಕೈ ಹಿಡಿದುಕೊಂಡು ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು. ಕೊಯಮತ್ತೂರಿನ ಉಕ್ಕಡಂ ಸ್ಟಾಪ್ ಬಂದ ಮೇಲೆ ಬಾಯಿಬಿಟ್ಟರು.

"ಇಳೀಡಿ, ಟೈಮಾಯ್ತು" ಅಂದರು.

ನಿತ್ಯಾ